ಹದಿನಾರರಲ್ಲಿ ಮೂರು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಳೆ, ಮೆಕ್ಕೆಜೋಳದ ಧಾರಣೆ, ಭದ್ರಾ ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪದ ವ್ಯಥೆ ಇವು ಬಹುಕಾಲದಿಂದ ಇರತಕ್ಕ ವಿಷಯಗಳು. ಈಚೆಗೆ ಇವುಗಳ ನಡುವೆ ಮತ್ತೊಂದು ಪ್ರಶ್ನೆ, ಬೇರೆ ಬೇರೆ ಕೈಬರಹಗಳಲ್ಲಿ, ಹೆಚ್ಚುಕಡಮೆ ಒಂದೇ ಮಾತಿನಲ್ಲಿ ಬರತೊಡಗಿದೆ. ನಮ್ಮ ಮಕ್ಕಳು ರಜೆಯ ದಿನ ಮೇಜಿನ ಸುತ್ತ ಕುಳಿತು ಬಹುಮುಖದ ದಾಳಗಳನ್ನುರುಳಿಸುತ್ತ, ವೇಷವೂ ರಂಗವೂ ಇಲ್ಲದ ಒಂದು ನಾಟಕವನ್ನು ಗಂಟೆಗಟ್ಟಲೆ ಆಡುತ್ತಾರೆ. ಅದರಲ್ಲಿ ಯಾರು ಏನನ್ನು ಬೇಕಾದರೂ ಕಲ್ಪಿಸಿಕೊಳ್ಳಬಹುದಂತೆ. ಹಾಗಿದ್ದ ಮೇಲೆ ಯೋಧನಾದವನು ಇಷ್ಟೇ ವಿದ್ಯೆಗಳನ್ನು ಆರಿಸಿಕೊಳ್ಳತಕ್ಕದ್ದು, ಮಂತ್ರವಾದಿಯಾದವನು ಇಷ್ಟೇ ಮಂತ್ರಗಳನ್ನು ಕಲಿಯತಕ್ಕದ್ದು ಎಂಬ ಕಟ್ಟಳೆ ಏತಕ್ಕೆ ಎಂಬುದು ಆ ಪ್ರಶ್ನೆ. ಹರಿಹರದ ಒಬ್ಬ ತಾಯಿಯಂತೂ, ‘ಕಲ್ಪನೆಗೂ ರೇಷನ್ ಕಾರ್ಡೆ?’ ಎಂದು ಕೇಳಿದ್ದಾರೆ. ಮಾಯಕೊಂಡದ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರಗಳಂದು ಇದೇ ಆಟ ನಡೆಯುವುದರಿಂದಲೂ, ನೋಡುತ್ತ ಕುಳಿತವನನ್ನು ಹುಡುಗರು ಒಮ್ಮೊಮ್ಮೆ ಒಂದು ಪಾತ್ರ ಕೊಟ್ಟು ಒಳಕ್ಕೆಳೆದುಕೊಳ್ಳುವುದರಿಂದಲೂ, ಉತ್ತರ ಕೊಡುವ ಅಧಿಕಾರ ಸ್ವಲ್ಪಮಟ್ಟಿಗೆ ನನಗುಂಟೆಂದು ಭಾವಿಸಿದ್ದೇನೆ.

ಆಟವನ್ನು ಕಾಣದವರಿಗೆ ಅದರ ಸ್ವರೂಪವನ್ನು ಮೊದಲು ಹೇಳಬೇಕು. ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಅರ್ಥಧಾರಿಗಳು ಕಿರೀಟವನ್ನಾಗಲಿ ಗೆಜ್ಜೆಯನ್ನಾಗಲಿ ಧರಿಸದೆ, ಎದುರುಬದುರಾಗಿ ಕುಳಿತು, ಭಾಗವತನು ಪದ್ಯವನ್ನು ಹಾಡಿ ಮುಗಿಸಿದೊಡನೆ ತಾವೇ ರಾಮನೂ ವಾಲಿಯೂ ಆಗಿ, ಬರೆದಿಡದ ಮಾತನ್ನು ಆ ಕ್ಷಣದಲ್ಲಿಯೇ ಹುಟ್ಟಿಸಿಕೊಂಡು ಆಡುವರು. ಮೇಜಿನ ಆಟದಲ್ಲಿಯೂ ಒಬ್ಬನು ಕಥೆಯನ್ನು ನಡೆಯಿಸುವವನು. ಹುಡುಗರು ಅವನನ್ನು ‘ಡಿಎಂ’ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ‘ನಾನು ಬಾಗಿಲನ್ನು ಒದೆಯುತ್ತೇನೆ’, ‘ನಾನು ಕಾವಲುಗಾರನಿಗೆ ಸುಳ್ಳು ಹೇಳುತ್ತೇನೆ’ ಎಂದು ನುಡಿಯುತ್ತ ಹೋಗುತ್ತಾರೆ. ಕಾರ್ಯ ಕೈಗೂಡಿತೆ ಇಲ್ಲವೆ ಎಂಬ ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳವು ತೀರ್ಪು ಕೊಡುತ್ತದೆ. ಗೆದ್ದವರು ಸೋತವರು ಎಂಬ ಭೇದ ಕೊನೆಯಲ್ಲಿ ಇಲ್ಲ. ಆದರೆ ತಾಳಮದ್ದಳೆಯ ಅರ್ಥಧಾರಿಗೆ ಹೇಗೆ ಪ್ರಸಂಗದ ಚೌಕಟ್ಟು ಇದೆಯೋ ಹಾಗೆ ಇಲ್ಲಿಯ ಆಟಗಾರನಿಗೆ ಅವನ ‘ಕ್ಲಾಸ್’ ಇದೆ: ಯೋಧ, ಮಂತ್ರವಾದಿ, ಪುರೋಹಿತ, ಕಳ್ಳ ಎಂಬ ಪಾತ್ರವರ್ಗ. ಯಾವ ವರ್ಗಕ್ಕೆ ಯಾವ ಸಾಮರ್ಥ್ಯ, ಎಷ್ಟನೆಯ ಮಟ್ಟದಲ್ಲಿ ಎಷ್ಟು ಎಂಬುದು ಗ್ರಂಥಸ್ಥವಾಗಿದೆ.

ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥಕ್ಕೆ ಹೆಸರಾದವರು. ಬಾಣ ತಾಗಿದ ಮೇಲೆ ಬದುಕಿ ಏಳುವ ಆಯ್ಕೆ ವಾಲಿಗೆ ಇಲ್ಲ. ಎಂತಹ ವಾಗ್ಮಿಯಾದರೂ ಆ ಒಂದು ಸಂಗತಿಯನ್ನು ತಿದ್ದಲಾರನು. ಅವನಿಗೆ ಉಳಿದಿರುವುದು ಮಾತೊಂದೆ. ಬಿದ್ದಲ್ಲಿಯೇ ಬಿದ್ದಿದ್ದು, ಮರೆಯಲ್ಲಿ ನಿಂತು ಹೊಡೆದವನ ಧರ್ಮವನ್ನು ಪ್ರಶ್ನಿಸುವ ಆ ಮಾತಿಗಾಗಿ ಜನ ರಾತ್ರಿಯೆಲ್ಲ ಎದ್ದಿರುತ್ತಿದ್ದರು. ನಮ್ಮ ಸೀಮೆಯ ದೊಡ್ಡಾಟದಲ್ಲಿಯೂ ಅಷ್ಟೆ: ತೆರೆಯ ಹಿಂದಿನಿಂದ ಬಂದ ರಾಜವೇಷವನ್ನು ಸಾರಥಿಯು ತಡೆದು ‘ತಾವು ಯಾರು, ಯಾವ ಊರು’ ಎಂದು ಕೇಳಿದಾಗ, ರಾಜನು ತಾನು ಯಾರೆಂಬುದನ್ನು ಒಮ್ಮೆ ಘೋಷಿಸಿದನೆಂದರೆ, ಬೆಳಗಿನವರೆಗೆ ಆ ಘೋಷಣೆಗೆ ಕಟ್ಟುಬಿದ್ದವನೆ. ಸಾರಥಿಯ ತಮಾಷೆ ಅವನಿಗೆ ಸಲ್ಲದು; ಅವನ ಗಾಂಭೀರ್ಯ ಸಾರಥಿಗೆ ಸಲ್ಲದು.

ಮೇಜಿನ ಆಟದ ಪಾತ್ರವರ್ಗಗಳು ಎಲ್ಲಿಂದ ಬಂದವು ಎಂಬುದಕ್ಕೆ ಒಂದು ಸ್ವಾರಸ್ಯವಾದ ಇತಿಹಾಸವಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು, ಒಂದು ಪೆಟ್ಟಿಗೆಯಲ್ಲಿಟ್ಟ ಮೂರು ಸಣ್ಣ ಪುಸ್ತಿಕೆಗಳ ರೂಪದಲ್ಲಿ, ಮೊದಲಿಗೆ 1,000 ಪ್ರತಿಗಳಷ್ಟು ಅಚ್ಚುಹಾಕಿಸಿದರು. ಅದಕ್ಕೆ ಮುಂಚೆ ಆ ಇಬ್ಬರೂ ಆಡುತ್ತಿದ್ದುದು ಸೈನ್ಯಗಳ ಆಟ. ಸೀಸದ ಪುಟ್ಟ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಮತ್ತೆ ಹೂಡುವ ಆಟ. ಅಂತಹ ಆಟದಲ್ಲಿ ಬಿಲ್ಲಾಳಿಗೆ ಒಂದು ನಿಯಮ, ಕುದುರೆಯವನಿಗೆ ಇನ್ನೊಂದು, ಕಾಲಾಳಿಗೆ ಮತ್ತೊಂದು ಇರಲೇಬೇಕು. ಇಲ್ಲವಾದರೆ ಸೈನ್ಯಕ್ಕೂ ಸಂತೆಗೂ ವ್ಯತ್ಯಾಸವಿರದು. ಕ್ರಮೇಣ ಅವರು ಇಡೀ ಪಡೆಯನ್ನು ಬಿಟ್ಟು, ಒಬ್ಬ ಆಟಗಾರನಿಗೆ ಒಂದೇ ಗೊಂಬೆ ಎಂದು ಗೊತ್ತುಮಾಡಿದರು. ಪಡೆಯ ತರಗತಿಗಳು ಮನುಷ್ಯರ ತರಗತಿಗಳಾದುವು.

ಮಾಯಕೊಂಡದವನಾದ ನನಗೆ ಈ ಪಲ್ಲಟ ಬೇಗ ಮನಸ್ಸಿಗೆ ಹತ್ತಿತು. 1748ರಲ್ಲಿ ನಮ್ಮೂರ ಬಯಲಿನಲ್ಲಿ ಚಿತ್ರದುರ್ಗದ ಹಿರೇಮದಕರಿನಾಯಕನು ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರುಗಳ ಕೂಡುಪಡೆಯನ್ನು ಎದುರಿಸಿ ಕಾದಾಡಿ ಮಡಿದನು. ಅವನ ಕಡೆ ನಿಂತಿದ್ದ ಚಂದಾಸಾಹೇಬನು ತನ್ನ ಮಗನನ್ನು ಕಳೆದುಕೊಂಡು ತಾನೂ ಸೆರೆಯಾದನು. ಇದನ್ನು ಸೈನ್ಯದಾಟವಾಗಿ ಆಡಿದರೆ ನೀವು ಮದಕರಿಯೂ ಆಗುವಿರಿ, ಅವನ ಸಮಸ್ತ ಸೇನೆಯೂ ಆಗುವಿರಿ. ಪಾತ್ರದಾಟವಾಗಿ ಆಡಿದರೆ ನೀವು ಒಬ್ಬ ಭರ್ಜಿಯಾಳು. ನಾಯಕನು ಬಿದ್ದ ಸುದ್ದಿಯನ್ನು ದುರ್ಗಕ್ಕೆ ಒಯ್ಯಬೇಕಾದ ನಾಲ್ವರಲ್ಲಿ ಒಬ್ಬ. ಕತ್ತಲೆ, ಎದುರಿಗೆ ಶತ್ರುವಿನ ಪಹರೆ, ಕಾಲಿಗೆ ಗಾಯ. ನಮ್ಮ ಪಡಸಾಲೆಯ ಹುಡುಗರು ಈಗ ಆಡುತ್ತಿರುವುದು ಇದೇ ಕಥೆಯನ್ನು. ಸಲಹೆ ನನ್ನದು, ನಡೆಯಿಸುವವನು ಪಕ್ಕದ ಹೊಲದ ರೈತರ ಮಗ.

ಆ ಮೊದಲ ಪುಸ್ತಿಕೆಗಳಲ್ಲಿ ಮೂರೇ ವರ್ಗಗಳಿದ್ದುವು: ಯೋಧ, ಮಂತ್ರವಾದಿ, ಪುರೋಹಿತ. ಕಳ್ಳನು ಸೇರಿದ್ದು ಮರುವರ್ಷದ ಪುರವಣಿಯಲ್ಲಿ. ಮಿತಿಗಳು ಬಹಳ ನಿಷ್ಠುರವಾಗಿದ್ದುವು. ಪುರೋಹಿತನು ಅಲಗುಳ್ಳ ಆಯುಧವನ್ನು ಮುಟ್ಟುವಂತಿಲ್ಲ. ಗದೆ ದೊಣ್ಣೆಗಳೇ ಅವನ ಪಾಲು. ಮೊದಲನೆಯ ಮಟ್ಟದಲ್ಲಿ ಅವನಿಗೆ ಒಂದು ಮಂತ್ರವೂ ಇಲ್ಲ. ಮಂತ್ರವಾದಿಗೆ ಕವಚವಿಲ್ಲ, ಕಠಾರಿಯ ಹೊರತು ಆಯುಧವಿಲ್ಲ. ಮೊದಲ ಮಟ್ಟದಲ್ಲಿ ದಿನಕ್ಕೆ ಒಂದೇ ಮಂತ್ರ. ಅದನ್ನು ಉಚ್ಚರಿಸಿದ ಮೇಲೆ ಅದು ಅವನ ನೆನಪಿನಿಂದಲೇ ಅಳಿಸಿಹೋಗುತ್ತದೆ. ಮರುದಿನ ಮತ್ತೆ ಪುಸ್ತಕವನ್ನು ತೆರೆದು ಮನನ ಮಾಡಬೇಕು. ಈ ವಿಚಿತ್ರ ಕಲ್ಪನೆಯನ್ನು ಗೈಗ್ಯಾಕ್ಸನು ತೆಗೆದುಕೊಂಡದ್ದು ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನ 1950ರ ‘ದಿ ಡೈಯಿಂಗ್ ಅರ್ತ್’ ಎಂಬ ಕೃತಿಯಿಂದ. ಅದರಲ್ಲಿ ಮಹಾಮಾಂತ್ರಿಕನಾದವನ ತಲೆಯೂ ಒಂದು ಸಲಕ್ಕೆ ಬೆರಳೆಣಿಕೆಯ ಮಂತ್ರಗಳನ್ನಷ್ಟೇ ಹೊರಬಲ್ಲದು. ದಿನಕ್ಕೆ ಒಂದೇ ಮಂತ್ರವುಳ್ಳವನು ಅದನ್ನು ಯಾವಾಗ ಪ್ರಯೋಗಿಸುತ್ತಾನೆಂಬುದನ್ನು ನೋಡಿದರೆ ಅವನು ಎಂತಹ ಮನುಷ್ಯನೆಂಬುದು ತಿಳಿಯುತ್ತದೆ. ಹೆದರುವವನು ಮೊದಲ ಇಲಿಯ ಮೇಲೆಯೇ ಅದನ್ನು ವ್ಯಯಮಾಡುತ್ತಾನೆ. ಲೋಭಿಯು ಸಂಗಡಿಗರು ಸಾಯುತ್ತಿದ್ದರೂ ಅದನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿರುತ್ತಾನೆ.

ಸಾಮರ್ಥ್ಯದ ಮಿತಿಯೇ ಆಟದ ಜೀವವೆಂಬುದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾದುದೂ ಇಲ್ಲ. ಗುಡಿಯ ಹಾಸುಗಲ್ಲಿನ ಮೇಲೆ ದನಕಾಯುವವರು ಕೆತ್ತಿಟ್ಟ ಹುಲಿ-ಕುರಿ ಆಟದ ಮನೆಯನ್ನು ನಮ್ಮ ನಾಡಿನಲ್ಲಿ ಕಾಣದವರಾರು? ತ್ರಿಕೋನದ ಮನೆಯಲ್ಲಿ 23 ಸಂಧಿಗಳು. 3 ಹುಲಿ, 15 ಕುರಿ. ಹುಲಿಯು ಪಕ್ಕದ ಕುರಿಯ ಮೇಲೆ ಹಾರಿ, ಆಚೆಯ ತೆರವಾದ ಸಂಧಿಯಲ್ಲಿ ಇಳಿದು, ಅದನ್ನು ತಿನ್ನಬಲ್ಲದು. ಕುರಿಯು ಹಾರಲಾರದು, ಯಾರನ್ನೂ ತಿನ್ನಲಾರದು. ಹದಿನೈದೂ ಮನೆಗೆ ಇಳಿಯುವವರೆಗೆ ಇಟ್ಟಲ್ಲಿಂದ ಕದಲಲೂ ಆರದು. ಹಾಗಿದ್ದರೂ ಪಳಗಿದ ಕೈಯಲ್ಲಿ ಕುರಿಗಳೇ ಹುಲಿಯನ್ನು ಕಟ್ಟಿಹಾಕುವುದುಂಟು. ಏಕೆಂದರೆ ಒಂದು ಕುರಿಯ ಹಿಂದೆ ಇನ್ನೊಂದು ನಿಂತರೆ ಹುಲಿಗೆ ಇಳಿಯಲು ನೆಲವಿಲ್ಲ. ಕುರಿಗೆ ಕರುಣೆಯಿಂದ ಹಾರುವ ಶಕ್ತಿಯನ್ನು ಯಾರಾದರೂ ದಾನಮಾಡಿದ ಮರುಕ್ಷಣ ಕುರಿಗಳಿಗೆ ಪರಸ್ಪರ ಆಸರೆಯ ಅಗತ್ಯವೇ ತಪ್ಪಿಹೋಗಿ, ಆಟವೂ ಮುಗಿದುಹೋಗುತ್ತದೆ.

ಇನ್ನು ಪ್ರಶ್ನೆಯ ತಿರುಳಿಗೆ ಬರೋಣ. ಈಗ ಹೆಚ್ಚಾಗಿ ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಐದನೆಯ ಆವೃತ್ತಿಯನ್ನು. ಅದು ಬಂದದ್ದು 2014ರಲ್ಲಿ, ಪರಿಷ್ಕಾರಗೊಂಡದ್ದು 2024ರಲ್ಲಿ. ನಮ್ಮ ಹುಡುಗರ ಕೈಯಲ್ಲಿರುವುದು ಹಳೆಯ 2014ರ ಪುಸ್ತಕ. ಅದರಲ್ಲಿ ಯೋಧನು ಮೂರನೆಯ ಮಟ್ಟಕ್ಕೆ ಬಂದಾಗ ತನ್ನ ವರ್ಗದೊಳಗೆ ಒಂದು ಶಾಖೆಯನ್ನು ಆರಿಸಿಕೊಳ್ಳಬೇಕು. ‘ಬ್ಯಾಟಲ್ ಮಾಸ್ಟರ್’ ಎಂಬ ಶಾಖೆಯನ್ನು ಹಿಡಿದವನಿಗೆ ಗ್ರಂಥವು 16 ಪಟ್ಟುಗಳ ಪಟ್ಟಿಯನ್ನು ಮುಂದಿಟ್ಟು, ಇವುಗಳಲ್ಲಿ ಮೂರನ್ನು ಮಾತ್ರ ತೆಗೆದುಕೊ ಎನ್ನುತ್ತದೆ. ಕಾಲುಕೊಟ್ಟು ಕೆಡಹುವುದು, ಕೈಯ ಆಯುಧವನ್ನು ಜಾರಿಸುವುದು, ಗದರಿಸಿ ಎದೆಗೆಡಿಸುವುದು, ಬಂದ ಏಟನ್ನು ತಡೆಯುವುದು, ಗುರಿ ತಪ್ಪಿದ ಶತ್ರುವಿಗೆ ಮರುಹೊಡೆತ ಕೊಡುವುದು, ಹಿಂದಕ್ಕೆ ತಳ್ಳುವುದು, ಬಳಲಿದ ಸಂಗಡಿಗನಿಗೆ ಹುರುಪು ತುಂಬುವುದು ಇತ್ಯಾದಿ. ಇವನ್ನು ಪ್ರಯೋಗಿಸಲು ಎಂಟು ಮುಖದ ನಾಲ್ಕು ದಾಳಗಳು ಅವನ ಪಾಲಿಗೆ ಬರುತ್ತವೆ. ಒಂದು ಪಟ್ಟಿಗೆ ಒಂದು ದಾಳ ಖರ್ಚು. ನಾಲ್ಕೂ ತೀರಿದ ಮೇಲೆ ತುಸು ವಿಶ್ರಮಿಸಿಕೊಳ್ಳುವವರೆಗೆ ಅವನು ಕೇವಲ ಕತ್ತಿಯಾಡಿಸುವವನು.

ನನ್ನ ತಮ್ಮನ ಮಗಳು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವವಳು. ಭರ್ಜಿಯಾಳಿನ ಪಾತ್ರ ಅವಳದು. ಆ ಪಟ್ಟಿ ಅವಳ ಮುಂದೆ ಬಂದ ದಿನ ನಾನು ಪಕ್ಕದಲ್ಲಿಯೇ ಕುಳಿತಿದ್ದೆನು. ಪೆನ್ಸಿಲಿನಿಂದ ಆರನ್ನು ಗುರುತುಹಾಕಿ, ರಬ್ಬರಿನಿಂದ ಒಂದನ್ನು ಅಳಿಸಿ, ಅಳಿಸಿದ್ದನ್ನು ಮತ್ತೆ ಬರೆದು, ಕಡೆಗೆ ಸಿಟ್ಟಿನಿಂದ, ‘ದೊಡ್ಡಪ್ಪ, ನೀನೇ ನೋಡು. ಕೆಡವಾಕೂ ಬೇಕು, ಕತ್ತಿ ಬೀಳ್ಸಾಕೂ ಬೇಕು, ತಡೆಯಾಕೂ ಬೇಕು. ಮೂರೇ ಅಂದ್ರೆ ಹೆಂಗೆ?’ ಎಂದಳು. ನಡೆಯಿಸುವ ಹುಡುಗನು ತಲೆಯೆತ್ತದೆ, ‘ಮೂರೇ ಅಕ್ಕ. ಏಳನೇ ಲೆವೆಲ್‌ಗೆ ಇನ್ನೆರಡು ಕೊಡ್ತೀನಿ’ ಎಂದನು. ಅವಳು ಬಹಳ ಹೊತ್ತು ಯೋಚಿಸಿ, ಕೆಡಹುವುದನ್ನೂ ಗದರಿಸುವುದನ್ನೂ ಇಟ್ಟುಕೊಂಡು, ಮೂರನೆಯದಾಗಿ ನಾನು ಎಣಿಸಿಯೇ ಇರದ ಒಂದನ್ನು ಬರೆದಳು: ‘ಕಮಾಂಡರ್ಸ್ ಸ್ಟ್ರೈಕ್’. ತನ್ನ ಒಂದು ಹೊಡೆತವನ್ನು ತಾನು ಬಿಟ್ಟುಕೊಟ್ಟು, ಆ ಅವಕಾಶದಲ್ಲಿ ಸಂಗಡಿಗನೊಬ್ಬನಿಂದ ಹೊಡೆಯಿಸುವ ಪಟ್ಟು ಅದು.

ಮುಂದಿನ ವಾರ, ಕಥೆಯಲ್ಲಿ, ಕೆರೆಯ ಏರಿಯ ಮೇಲೆ ಸವಣೂರಿನ ಒಬ್ಬ ಸವಾರನು ಅವರನ್ನು ತಡೆದನು. ಕೈಯಲ್ಲಿದ್ದುದನ್ನು ಬೀಳಿಸುವ ಪಟ್ಟು ಅವಳಲ್ಲಿ ಇಲ್ಲ. ಕುದುರೆಯಿಂದ ಇಳಿದ ಸವಾರನು ಕಹಳೆಯನ್ನು ತುಟಿಗಿಟ್ಟನೆಂದರೆ ಪಹರೆಯೆಲ್ಲ ಎಚ್ಚರಗೊಳ್ಳುವುದು. ಅವಳ ಎದುರಿಗೆ ಕುಳಿತಿದ್ದವನು ಕಳ್ಳನ ಪಾತ್ರದವನು, ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ಸಂಕೋಚದ ಹುಡುಗ, ಅಂದಿನವರೆಗೆ ಮೇಜಿನ ಬಳಿ ಹತ್ತು ಮಾತು ಆಡಿದವನಲ್ಲ. ಕಳ್ಳನ ವರ್ಗಕ್ಕೆ ಎದುರುಬದುರು ಕಾದುವ ಬಲವಿಲ್ಲ. ಆದರೆ ಶತ್ರುವಿನ ಗಮನ ಪಕ್ಕದ ಇನ್ನೊಬ್ಬನ ಮೇಲಿರುವಾಗ ಮರೆಯಿಂದ ಕೊಡುವ ಒಂದು ಏಟು ಬಹು ಭಾರಿಯಾದುದು. ಅವಳು ಸವಾರನ ಮುಂದೆ ಹೋಗಿ ನಿಂತು, ಭರ್ಜಿಯನ್ನೆತ್ತದೆ, ಆ ಹುಡುಗನ ಕಡೆ ಬೆರಳು ತೋರಿಸಿ, ‘ನನ್ನ ಹೊಡೆತ ನಿಂದು. ಹೊಡಿ’ ಎಂದಳು. ಅವನು ದಾಳವನ್ನು ಎರಡು ಕೈಯಲ್ಲೂ ಕುಲುಕಿ ಎಸೆದನು. ಬಿದ್ದುದು ಹದಿನೇಳು. ಪಡಸಾಲೆಯಲ್ಲಿ ಎದ್ದ ಕೂಗಿಗೆ ಅಡಿಗೆಮನೆಯಿಂದ ಹೆಂಗಸರು ಓಡಿಬಂದರು.

ಹದಿನಾರು ಪಟ್ಟೂ ಅವಳ ಬತ್ತಳಿಕೆಯಲ್ಲಿ ಇದ್ದಿದ್ದರೆ ಅವಳು ಸವಾರನ ಕಹಳೆಯನ್ನು ತಾನೇ ಕೆಳಗೆ ಬೀಳಿಸುತ್ತಿದ್ದಳು. ಆ ಹುಡುಗನು ಸುಮ್ಮನೆ ಕುಳಿತೇ ಇರುತ್ತಿದ್ದನು. ನಾನು ಹರಿಹರದ ಆ ತಾಯಿಗೆ ಹೇಳಬೇಕಾದುದು ಮುಖ್ಯವಾಗಿ ಇಷ್ಟೆ. ಒಬ್ಬನ ಕೊರತೆ ಇನ್ನೊಬ್ಬನಿಗೆ ಆಸನವನ್ನು ಹಾಕಿಕೊಡುತ್ತದೆ. ಮಾಡಲಾರದುದು ಏನೆಂಬುದು ಗೊತ್ತಿಲ್ಲದ ಪಾತ್ರಕ್ಕೆ ಮುಖವೇ ಇರುವುದಿಲ್ಲ. ಪಾಂಡವರ ಅಜ್ಞಾತವಾಸದ ಕಥೆ ನಮಗೆ ಅಷ್ಟು ಪ್ರಿಯವಾಗಿರುವುದಕ್ಕೂ ಕಾರಣ ಇದೇ ಇರಬೇಕು: ಭೀಮನು ಸೌಟು ಹಿಡಿದ ವಲಲನಾಗಿ, ಅರ್ಜುನನು ಗಾಂಡೀವವನ್ನು ಬನ್ನಿಮರದ ಮೇಲಿಟ್ಟು ಬಂದ ಬೃಹನ್ನಳೆಯಾಗಿ, ಇರುವ ಸಾಮರ್ಥ್ಯವನ್ನು ತೋರಗೊಡದ ಕಟ್ಟಿನೊಳಗೆ ಒಂದು ವರ್ಷ ಕಳೆದರೆಂಬುದರಿಂದಲೇ ವಿರಾಟನಗರಿಯ ಒಂದೊಂದು ಗಳಿಗೆಯೂ ನಮ್ಮ ಉಸಿರನ್ನು ಹಿಡಿದು ನಿಲ್ಲಿಸುತ್ತದೆ.

ಹಾಗೆಂದು ಎಲ್ಲ ಮಿತಿಯೂ ಮಾನ್ಯವೆಂದು ನಾನು ಹೇಳಲಾರೆನು. ಮಿತಿಯನ್ನು ಹಾಕುವುದರಲ್ಲಿಯೂ ವಿವೇಕವಿರಬೇಕು. ಐದನೆಯ ಆವೃತ್ತಿಯ ‘ಸಾರ್ಸರರ್’ ಎಂಬ ವರ್ಗವನ್ನೇ ನೋಡಿ. ಹುಟ್ಟಿನಿಂದಲೇ ಮಾಂತ್ರಿಕ ಶಕ್ತಿ ಪಡೆದವನೆಂದು ಅವನನ್ನು ಬಣ್ಣಿಸಿ, 2014ರ ಗ್ರಂಥವು ಮೊದಲ ಮಟ್ಟದಲ್ಲಿ ಅವನಿಗೆ ಕೊಟ್ಟದ್ದು 2 ಮಂತ್ರ, ಇಪ್ಪತ್ತನೆಯ ಮಟ್ಟದಲ್ಲಿ 15. ಪುಸ್ತಕ ಓದಿ ಕಲಿಯುವ ‘ವಿಝಾರ್ಡ್’ ಆದರೋ 6 ಮಂತ್ರಗಳ ಪುಸ್ತಕದೊಡನೆಯೇ ಹೊರಟು, ಮಟ್ಟಕ್ಕೆರಡರಂತೆ ಸೇರಿಸುತ್ತ, ಸಿಕ್ಕಿದ ಕಡೆ ನಕಲುಮಾಡಿಕೊಳ್ಳುತ್ತ ಹೋಗುವನು. ಹುಡುಗರು ಗೊಣಗುವುದು ಸಹಜವಾಗಿದೆ. 2024ರ ಪರಿಷ್ಕಾರದಲ್ಲಿ ಆ 15 ಎಂಬುದು 22 ಆಯಿತು. ಅಲ್ಲಿ ತೊಡಕು ಸಂಖ್ಯೆ ಸಣ್ಣದೆಂಬುದಲ್ಲ. ಎರಡೇ ಎರಡು ಮಂತ್ರಗಳನ್ನು ಆರಿಸಬೇಕಾದವನು ಎಂದಾದರೊಮ್ಮೆ ಬೇಕಾಗಬಹುದಾದ ವಿಚಿತ್ರ ಮಂತ್ರವನ್ನು ಎಂದಿಗೂ ಬರೆದುಕೊಳ್ಳದೆ, ಎಲ್ಲರೂ ಬರೆದುಕೊಳ್ಳುವ ಬೆಂಕಿಯನ್ನೇ ಬರೆದುಕೊಳ್ಳುತ್ತಾನೆ. ಒಬ್ಬ ಸಾರ್ಸರರನಿಗೂ ಮತ್ತೊಬ್ಬನಿಗೂ ಆಮೇಲೆ ಭೇದ ಉಳಿಯುವುದಿಲ್ಲ.

ಇಂತಹ ಇಕ್ಕಟ್ಟು ಬೇಡವೆಂದು ಇದಕ್ಕೆ ಮುಂಚೆಯೇ ಆಯ್ಕೆಗಳನ್ನು ರಾಶಿ ಹಾಕಿದವರೂ ಇದ್ದರು. 2000ದಲ್ಲಿ ಬಂದ ಮೂರನೆಯ ಆವೃತ್ತಿಯು ‘ಫೀಟ್’ ಎಂಬ ವಿಶೇಷ ವಿದ್ಯೆಗಳನ್ನು ತಂದಿತು. ಪುರವಣಿಯ ಮೇಲೆ ಪುರವಣಿ ಬಂದಂತೆ ಅವು ಬೆಳೆದು ಬೆಳೆದು, ಪಾತ್ರವನ್ನು ಕಟ್ಟುವುದೇ ಆಡುವುದಕ್ಕಿಂತ ದೊಡ್ಡ ಕೆಲಸವಾಯಿತು. ಆ ರಾಶಿಯಲ್ಲಿ ಜೊಳ್ಳೂ ಇದ್ದಿತು. ‘ಟಫ್‌ನೆಸ್’ ಎಂಬ ಫೀಟ್ ಕೊಡುತ್ತಿದ್ದುದು 3 ಜೀವಾಂಕಗಳನ್ನು ಮಾತ್ರ; ಹೆಸರಿಗೆ ಮಾರುಹೋಗಿ ಅದನ್ನು ಆರಿಸಿಕೊಂಡ ಹೊಸಬನು ಹತ್ತನೆಯ ಮಟ್ಟದಲ್ಲಿ ಪಶ್ಚಾತ್ತಾಪಪಡುವನು. ಅನುಭವಿಗಳಿಗೆ ಪ್ರತಿಫಲ ಸಿಗಲೆಂದು ಕೆಲವು ಆಯ್ಕೆಗಳನ್ನು ಉಳಿದವಕ್ಕಿಂತ ದುರ್ಬಲವಾಗಿಯೇ ಬಿಡಲಾಗಿತ್ತೆಂಬುದನ್ನು ಆ ಆವೃತ್ತಿಯ ವಿನ್ಯಾಸಕರಲ್ಲೊಬ್ಬನಾದ ಮಾಂಟಿ ಕುಕ್ ಮುಂದೆ ತಾನೇ ಬರೆದನು. ಬಿತ್ತನೆಬೀಜದ ಅಂಗಡಿಯಲ್ಲಿ ಐವತ್ತು ಬಣ್ಣದ ಚೀಲಗಳನ್ನು ಸಾಲಾಗಿ ಜೋಡಿಸಿ, ಯಾವುದು ಮೊಳೆಯುವುದೆಂದು ಹೇಳದೆ, ‘ನಿಮ್ಮಿಷ್ಟ’ ಎನ್ನುವ ವ್ಯಾಪಾರಕ್ಕೆ ಸ್ವಾತಂತ್ರ್ಯವೆಂದು ಹೆಸರಿಡಬಹುದೆ?

2008ರ ನಾಲ್ಕನೆಯ ಆವೃತ್ತಿ ಇನ್ನೊಂದು ಕೊನೆಗೆ ಹೋಯಿತು. ಯಾರಿಗೂ ಅನ್ಯಾಯವಾಗಬಾರದೆಂದು ಯೋಧನಿಗೂ ಮಂತ್ರವಾದಿಗೂ ಒಂದೇ ಲೆಕ್ಕ: ಮೊದಲ ಮಟ್ಟದಲ್ಲಿ ಸದಾಕಾಲ ಬಳಸುವ ಶಕ್ತಿ ಎರಡು, ಕಾಳಗಕ್ಕೊಂದು, ದಿನಕ್ಕೊಂದು. ತಕ್ಕಡಿ ಸಮವಾಗಿ ನಿಂತಿತು. ಆದರೆ ವರ್ಗಗಳೆಲ್ಲ ಒಂದೇ ಅಚ್ಚಿನಿಂದ ಬಂದಂತಾದುವೆಂದು ಆಡುವವರು ದೂರಿದರು. ನನಗೆ ಆ ದೂರಿನಲ್ಲಿ ಹುರುಳಿದೆಯೆಂದೇ ತೋರುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಮಿತಿ ಬೇರೊಂದಿದೆ. 1978ರ ಆಟಗಾರರ ಕೈಪಿಡಿಯಲ್ಲಿ ಕುಬ್ಜಕುಲದ ಪಾತ್ರವು ಮಂತ್ರವಾದಿಯಾಗುವಂತಿರಲಿಲ್ಲ. ಧರ್ಮವೀರನಾದ ‘ಪ್ಯಾಲಡಿನ್’ ಆಗಲು ಮನುಷ್ಯಕುಲದಲ್ಲಿಯೇ ಹುಟ್ಟಿರಬೇಕಾಗಿದ್ದಿತು. ಇತರ ಕುಲದವರು ಅನೇಕ ವಿದ್ಯೆಗಳಲ್ಲಿ ಇಂತಿಷ್ಟು ಮಟ್ಟವನ್ನು ಮೀರಿ ಏರುವಂತಿರಲಿಲ್ಲ. ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡಿನದಕ್ಕಿಂತ ಕೆಳಗೆ ಒಂದು ಮೇರೆಯನ್ನು ಎಳೆದಿದ್ದರು. ಅದನ್ನು 1989ರ ಎರಡನೆಯ ಆವೃತ್ತಿಯಲ್ಲಿ ಅಳಿಸಿದರು. ಕುಲದ ಕಟ್ಟು ಬಿಚ್ಚಲು 2000ವೇ ಬರಬೇಕಾಯಿತು. ಚಿತ್ರದುರ್ಗದ ನೆರೆಯಲ್ಲಿ ಬೆಳೆದವರಿಗೆ ಇಲ್ಲಿ ಒನಕೆ ಹಿಡಿದು ಕೋಟೆಯನ್ನು ಕಾದ ಓಬವ್ವನ ನೆನಪಾಗದಿರದು. ಒನಕೆಗೆ ಅಲಗಿಲ್ಲವಾದ್ದರಿಂದ ಹಳೆಯ ಪುಸ್ತಿಕೆಯ ಪ್ರಕಾರ ಆಕೆ ಪುರೋಹಿತ ವರ್ಗಕ್ಕೂ ಸೇರಬಹುದಾಗಿತ್ತೆಂಬುದು ತಮಾಷೆಯ ಮಾತು. ಆದರೆ ಕಾವಲುಗಾರನ ಹೆಂಡತಿ ಎಂಬ ಸ್ಥಾನವನ್ನು ನೋಡಿ ಆಕೆಯ ತೋಳಿಗೆ ಮೊದಲೇ ಮೇರೆ ಬರೆದಿಡುವ ಗ್ರಂಥವನ್ನು ನಮ್ಮ ಸೀಮೆಯಲ್ಲಿ ಯಾರು ನಂಬಿಯಾರು?

ಆರಿಸಿಕೊಂಡ ಮಿತಿ ಬೇರೆ, ಹುಟ್ಟಿನೊಡನೆ ಹೊರಿಸಿದ ಮಿತಿ ಬೇರೆ. ಹನ್ನೆರಡನೆಯ ಶತಮಾನದ ಶರಣರು ಹೋರಾಡಿದ್ದು ಎರಡನೆಯದರೊಡನೆ. ಮೊದಲನೆಯದನ್ನು ಅವರು ಕಾಯಕವೆಂದು ತಲೆಯ ಮೇಲಿಟ್ಟುಕೊಂಡರು. ಹರಿಹರದಿಂದ ತುಂಗಭದ್ರೆಯ ಹರಿವಿನ ಗುಂಟ ಇಳಿದರೆ ಸಿಗುವ ಚೌಡದಾನಪುರಕ್ಕೆ ಅಂಬಿಗರ ಚೌಡಯ್ಯನ ಹೆಸರು ಸೇರಿಕೊಂಡಿದೆ. ದೋಣಿಗೆ ಹುಟ್ಟು ಹಾಕುತ್ತಿದ್ದ ಆತನ ಮಾತಿಗೆ ಇದ್ದ ಒರಟು, ಹಗ್ಗ ಹೊಸೆದ ನುಲಿಯ ಚಂದಯ್ಯನ ಮಾತಿಗೆ ಇಲ್ಲ. ಮಡಿವಾಳ ಮಾಚಯ್ಯನದು ಮತ್ತೊಂದು ಬಗೆಯ ನಿಷ್ಠುರ. ಕಾಯಕದ ಎಲ್ಲೆಯೇ ಅವರವರ ಕಂಠವಾಯಿತು. ಕುಲ ಕೇಳಬಾರದೆಂದವರು ಕಾಯಕವನ್ನು ಬಿಡಬಾರದೆಂದೂ ಹೇಳಿದರು; ಆ ವಿವೇಕವನ್ನು ಆಟದ ಗ್ರಂಥಕರ್ತರು, ಆಟ ಹುಟ್ಟಿ ಇಪ್ಪತ್ತಾರು ವರ್ಷವಾದ ಮೇಲೆ ಕಂಡುಕೊಂಡರು.

ಎರಡು ವರ್ಗಗಳನ್ನು ಒಬ್ಬನೇ ಹಿಡಿಯಬಹುದಲ್ಲವೆ ಎಂದು ಬಲ್ಲವರು ಕೇಳಿಯಾರು. ಹಿಡಿಯಬಹುದು, ‘ಮಲ್ಟಿಕ್ಲಾಸ್’ ಎಂದು ಅದಕ್ಕೆ ನಿಯಮವೂ ಇದೆ. ಆದರೆ ಅಲ್ಲಿಯೂ ಮಟ್ಟಗಳನ್ನು ಪಾಲುಮಾಡಿಕೊಳ್ಳಬೇಕು: ಐದು ಮಟ್ಟ ಯೋಧನಾಗಿ ಕಳೆದವನಿಗೆ ಮಂತ್ರವಾದಿಯ ಐದು ಮಟ್ಟ ಅಷ್ಟರಮಟ್ಟಿಗೆ ತಡ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ, ಒಂದೇ ಮೂರ್ತಿಯಲ್ಲಿ ಇತ್ತ ಹರನೂ ಅತ್ತ ಹರಿಯೂ ನಿಂತಿದ್ದಾರೆ. ಅರ್ಧ ಅದು, ಅರ್ಧ ಇದು. ದೇವರೂ ಎರಡು ದೇಹದ ಅಗಲವನ್ನು ತೆಗೆದುಕೊಳ್ಳಲಿಲ್ಲ.

ನನ್ನ ಮಟ್ಟಿಗೆ ಅತ್ಯುತ್ತಮವಾದ ವ್ಯವಸ್ಥೆಯೆಂದು ತೋರುವುದು 2010ರಲ್ಲಿ ವಿನ್ಸೆಂಟ್ ಬೇಕರ್ ರಚಿಸಿದ ‘ಅಪೊಕ್ಯಾಲಿಪ್ಸ್ ವರ್ಲ್ಡ್’ ಎಂಬ ಆಟದ್ದು. ಅಲ್ಲಿ ಒಂದು ಪಾತ್ರವರ್ಗವೆಂದರೆ ಮಡಿಚಿದ ಒಂದು ಹಾಳೆ. ಆ ವರ್ಗವು ಮಾಡಬಲ್ಲ ಕೆಲವೇ ಕಾರ್ಯಗಳು ಅದರ ಮೇಲೆ ಅಚ್ಚಾಗಿರುತ್ತವೆ. ಒಂದೆರಡಕ್ಕೆ ಗುರುತುಹಾಕಿದರೆ ಆಡಲು ಸಿದ್ಧ. ಪಟ್ಟಿಯಲ್ಲಿ ಜೊಳ್ಳಿರುವುದು ಅಪರೂಪ. ಯಾವುದನ್ನು ಬಿಟ್ಟರೂ ಹೊಟ್ಟೆ ಉರಿಯುತ್ತದೆ. ಆಯ್ಕೆ ಕಡಮೆ ಇರಬೇಕು, ಆದರೆ ಆರಿಸಿದ್ದು ಕಥೆಯನ್ನು ತಿರುಗಿಸುವಂತಿರಬೇಕು ಎಂಬ ಎರಡು ಮಾತೂ ಅಲ್ಲಿ ಕೂಡಿಬಂದಿವೆ.

ಕಡೆಯದಾಗಿ ಒಂದು ವಿಜ್ಞಾಪನೆ. ಐದನೆಯ ಆವೃತ್ತಿಯ ಮೂಲನಿಯಮಗಳ ಸುಮಾರು 400 ಪುಟಗಳ ಒಂದು ಸಂಗ್ರಹವನ್ನು ಅದರ ಒಡೆಯರು 2023ರ ಜನವರಿಯಲ್ಲಿ, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದು, ಭಾಷಾಂತರಿಸಬಹುದು ಎಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದ್ದಾರೆ. ಪಡಸಾಲೆಯ ಹುಡುಗರೂ ನಾನೂ ಅದನ್ನು ಕನ್ನಡಕ್ಕೆ ತರಲು ತೊಡಗಿದ್ದೇವೆ. ಅದರಲ್ಲಿ ಹನ್ನೆರಡು ವರ್ಗಗಳಿಗೂ ಒಂದೊಂದೇ ಶಾಖೆ. ಯೋಧನ ಪಾಲಿಗೆ ಬಂದುದು ಹದಿನಾರು ಪಟ್ಟುಗಳ ಶಾಖೆಯೂ ಅಲ್ಲ. ಇನ್ನು ಫೀಟ್‌ಗಳಲ್ಲಿ, ಇಡೀ ಸಂಗ್ರಹಕ್ಕೆಲ್ಲ ಅವರು ಕೊಟ್ಟಿರುವುದು ಒಂದೇ ಒಂದನ್ನು: ‘ಗ್ರ್ಯಾಪ್ಲರ್’, ಅಂದರೆ ಹಿಡಿದು ಅಮುಕುವ ಕುಸ್ತಿಯಾಳಿನ ವಿದ್ಯೆ. ದುಗ್ಗಮ್ಮನ ಜಾತ್ರೆಗೆ ಕಣ ಕಟ್ಟಿ ಕುಸ್ತಿ ಆಡಿಸುವ ದಾವಣಗೆರೆಗೆ ಇದಕ್ಕಿಂತ ಒಪ್ಪುವ ವಿದ್ಯೆಯನ್ನು ಅವರು ಕಳುಹಿಸುವುದು ಸಾಧ್ಯವಿರಲಿಲ್ಲ. ಆದರೆ ಹಿಡಿತಗಳ ಸರಿಯಾದ ಹೆಸರುಗಳು ನಮಗೆ ತಿಳಿಯವು. ಗರಡಿಯಲ್ಲಿ ಪಳಗಿದ ಹಿರಿಯರು ಯಾರಾದರೂ ಇದ್ದರೆ ದಯಮಾಡಿ ಈ ಅಂಕಣದ ವಿಳಾಸಕ್ಕೆ ಒಂದು ಕಾಗದ ಬರೆಯಬೇಕು, ಅಥವಾ ಭಾನುವಾರ ಮಧ್ಯಾಹ್ನ ಮಾಯಕೊಂಡಕ್ಕೆ ಬರಬೇಕು.